ಅಲೆದವನ ಹಾಡಿನ ತುಂಬ ಮನೆಯ ಸಾಮಾನು

ಕೋಳಿಯೊಂದು ಕೋಡಗವನ್ನು ನುಂಗುವುದರಿಂದ ಪದ ಶುರುವಾಗುತ್ತದೆ. ಮುಂದಿನದು ಇನ್ನೂ ವಿಚಿತ್ರ. ಒರಳು ತನ್ನನ್ನು ಕುಟ್ಟಬೇಕಾದ ಒನಕೆಯನ್ನೇ ಬಾಯಿಗೆ ಹಾಕಿಕೊಳ್ಳುತ್ತದೆ. ಕುಟ್ಟಲು ಬಂದ ಮುದುಕಿ ನೊಣದ ಪಾಲಾಗುತ್ತಾಳೆ. ನೇಯಲು ಕುಳಿತವನನ್ನು ಮಗ್ಗದ ಸಾಮಾನೇ ಮುಗಿಸುತ್ತದೆ. ಕೊನೆಗೆ ಹಾಡುವವನೂ ಉಳಿಯುವುದಿಲ್ಲ, ಗುರುವಿನ ಪಾದ ಅವನನ್ನು ಒಳಗೆಳೆದುಕೊಳ್ಳುತ್ತದೆ. ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ನಮಗೆ ಎಷ್ಟು ಪರಿಚಿತ ಎಂದರೆ, ಅದರೊಳಗಿನ ಬೆರಗು ಕಿವಿಗೆ ತಾಗುವುದೇ ನಿಂತುಹೋಗಿದೆ. ಶಾಲೆಯ ಗ್ಯಾದರಿಂಗಿನಲ್ಲಿ ಮಕ್ಕಳು ಕುಣಿದು ಹಾಡುತ್ತಾರೆ, ಆರ್ಕೆಸ್ಟ್ರಾದವರು ತಾಳ ಏರಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ಮುದುಕಿಯನ್ನು ನೊಣ ಯಾಕೆ ನುಂಗಿತು ಎಂದು ಯಾರೂ ನಿಂತು ಕೇಳುವುದಿಲ್ಲ.

ಇದೇ ಹಾಡನ್ನು 1967ರಲ್ಲಿ ಲಂಡನ್ನಿನಲ್ಲೋ ಸ್ಯಾನ್ ಫ್ರಾನ್ಸಿಸ್ಕೋದಲ್ಲೋ ಯಾರಾದರೂ ಗಿಟಾರ್ ಹಿಡಿದು ಹಾಡಿದ್ದರೆ, ಜಗತ್ತು ಅದನ್ನು ಸೈಕೆಡೆಲಿಕ್ ಎಂದು ಕರೆಯುತ್ತಿತ್ತು. ಆ ಪದವನ್ನು 1950ರ ದಶಕದ ಮಧ್ಯದಲ್ಲಿ ಟಂಕಿಸಿದವನು ಹಂಫ್ರಿ ಆಸ್ಮಂಡ್ ಎಂಬ ಮನೋವೈದ್ಯ. ಸ್ವಿಟ್ಜರ್ಲೆಂಡಿನ ರಸಾಯನ ವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1943ರಲ್ಲಿ ಎಲ್‌ಎಸ್‌ಡಿಯ ಪರಿಣಾಮವನ್ನು ತನ್ನ ಮೈಮೇಲೆಯೇ ಕಂಡುಕೊಂಡಿದ್ದ. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಅದು ಪ್ರಯೋಗಾಲಯ ದಾಟಿ ಹಾಡಿನೊಳಗೆ ಬಂತು. ಬೀಟಲ್ಸ್ 1966ರ ‘ರಿವಾಲ್ವರ್’ ಆಲ್ಬಂನ ಕೊನೆಯ ಹಾಡಿನಲ್ಲಿ ಟೇಪನ್ನು ಹಿಂದುಮುಂದಾಗಿ ಓಡಿಸಿ, ಒಂದೇ ಶ್ರುತಿಯ ಗುಂಯ್‌ಗುಡುವಿಕೆಯ ಮೇಲೆ ಮನಸ್ಸನ್ನು ಕಳಚಿಡುವ ಮಾತಾಡಿದರು. 1968ರ ಫೆಬ್ರುವರಿಯಲ್ಲಿ ಋಷಿಕೇಶಕ್ಕೆ ಬಂದರು. ಅವರ ಹಿಂದೆಯೇ ಸಾವಿರಾರು ಹುಡುಗ ಹುಡುಗಿಯರು ಬಸ್ಸು ವ್ಯಾನು ಹತ್ತಿ ಇಸ್ತಾಂಬುಲ್, ಕಾಬೂಲ್ ದಾಟಿ ಗೋವಾ, ಗೋಕರ್ಣ, ಹಂಪಿಯವರೆಗೆ ಹರಡಿದರು. ಯುದ್ಧ, ಕಚೇರಿ, ಸಂಬಳ, ಅಪ್ಪನ ಮನೆ ಎಲ್ಲವನ್ನೂ ಬಿಟ್ಟು ನಡೆಯುವುದೇ ಆ ಪೀಳಿಗೆಯ ಹಾಡಾಯಿತು.

ಅವರ ಹುಡುಕಾಟ ಸುಳ್ಳಾಗಿರಲಿಲ್ಲ. ವಿಯೆಟ್ನಾಂ ಯುದ್ಧಕ್ಕೆ ಹೋಗಲು ಒಪ್ಪದ ಹುಡುಗ ರಸ್ತೆಗಿಳಿದದ್ದನ್ನು ಹಗುರವಾಗಿ ನೋಡುವ ಹಕ್ಕು ನಮಗಿಲ್ಲ. ಆದರೆ ಹಾವೇರಿ ಸೀಮೆಯಲ್ಲಿ ನಿಂತು ಆ ಕಥೆ ಕೇಳಿದಾಗ ಒಂದು ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿನ ಅಲೆಮಾರಿಯ ಹಾಡಿನಲ್ಲಿ ರಸ್ತೆಯಿದೆ, ರೈಲಿದೆ, ಬಣ್ಣ ಬದಲಿಸುವ ಆಕಾಶವಿದೆ. ಇಲ್ಲಿನ ಅಲೆಮಾರಿಯ ಹಾಡಿನ ತುಂಬ ಒರಳು, ಬೀಸುಕಲ್ಲು, ಮಗ್ಗ, ಮಾಳಿಗೆ. ಮನೆ ಬಿಟ್ಟವನು ಮನೆಯ ಸಾಮಾನನ್ನೇ ಯಾಕೆ ಹಾಡಿದ?

ಈ ಜಿಲ್ಲೆಗೆ ಅಲೆದಾಡುವ ಹಾಡುಗಾರರು ಹೊಸಬರಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮುಖ್ಯ ವೇದಿಕೆಗೆ ಇಟ್ಟ ಹೆಸರು ಕನಕ–ಶರೀಫ–ಸರ್ವಜ್ಞ. ಮೂವರೂ ಈ ನೆಲದವರು, ಮೂವರೂ ಹಿಡಿದದ್ದನ್ನು ಬಿಟ್ಟವರು. ಕನಕದಾಸರು ಬಂಕಾಪುರದ ಬಳಿಯ ಬಾಡದಲ್ಲಿ ಹುಟ್ಟಿ, ನಾಯಕತನ ಬಿಟ್ಟು, ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಹೆಸರಿನಲ್ಲಿ ಹಾಡುತ್ತ ಉಡುಪಿ, ತಿರುಪತಿಯವರೆಗೆ ತಿರುಗಿದರು. ಸರ್ವಜ್ಞನ ಊರು ಹಿರೇಕೆರೂರು ಸೀಮೆಯ ಅಬಲೂರೋ ಮಾಸೂರೋ ಎಂಬ ವಾದ ಇನ್ನೂ ಇದೆ. ಅವನು ಊರೂರು ತಿರಿದುಂಡು ಮೂರು ಸಾಲಿನಲ್ಲಿ ಲೋಕವನ್ನು ಹಿಡಿದವನು ಎಂಬುದರಲ್ಲಿ ವಾದವಿಲ್ಲ. ಅವರಿಗೂ ಹಿಂದೆ, ಹನ್ನೆರಡನೇ ಶತಮಾನದಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದ ತುಂಗಭದ್ರೆಯಲ್ಲಿ ದೋಣಿ ನಡೆಸಿದವನು ಅಂಬಿಗರ ಚೌಡಯ್ಯ. ಅದೇ ನೀರು ಮುಂದೆ ಹಂಪಿಗೆ ಹೋಗುತ್ತದೆ. ಅಲ್ಲಿ ಆಚೆ ದಡದ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿ ಅಲೆಮಾರಿಗಳಿಗಾಗಿ ಎದ್ದ ವಸತಿಗಳು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲಿ ನೆಲಸಮವಾದವು.

ಶರೀಫರ ವಿಷಯಕ್ಕೆ ಬರೋಣ. ಹುಟ್ಟಿದ್ದು 1819ರಲ್ಲಿ, ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದಲ್ಲಿ, ಅಂದರೆ ಶಿಶುನಾಳದಲ್ಲಿ. ಹಿಂದಿನ ವರ್ಷವಷ್ಟೇ ಪೇಶ್ವೆಯರ ಆಡಳಿತ ಬಿದ್ದು ಧಾರವಾಡ ಸೀಮೆ ಕಂಪನಿ ಸರ್ಕಾರದ ಕೈಗೆ ಹೋಗಿತ್ತು. ತಂದೆ ಇಮಾಂ ಸಾಹೇಬ, ತಾಯಿ ಹಜ್ಜೂಮಾ. ಹುಲಗೂರಿನ ಖಾದರಷಾವಲಿಯ ಹರಕೆಯಿಂದ ಹುಟ್ಟಿದ ಮಗ ಎಂದು ಊರ ಜನ ಹೇಳುತ್ತಾರೆ. ಓದಿದ, ಕನ್ನಡ ಶಾಲೆಯ ಮಾಸ್ತರನಾದ. ಸರ್ಕಾರಿ ಸಂಬಳದ ಮಾಸ್ತರಿಕೆ ಆ ಕಾಲದ ಹಳ್ಳಿಯ ಮುಸ್ಲಿಂ ಕುಟುಂಬಕ್ಕೆ ಎಷ್ಟು ದೊಡ್ಡದಾಗಿತ್ತೆಂದು ಊಹಿಸಬಹುದು. ಅದನ್ನು ಬಿಟ್ಟ. ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣನ ಹಿಂದೆ ಹೋದ.

ಗೋವಿಂದಭಟ್ಟರೂ ಊರು ಒಪ್ಪುವ ಭಟ್ಟರಾಗಿರಲಿಲ್ಲ. ಎಲ್ಲ ಜಾತಿಯವರ ಜತೆ ಕೂತು ಉಣ್ಣುವ, ಮಡಿಯನ್ನು ಲೆಕ್ಕಕ್ಕಿಡದ ಮನುಷ್ಯ ಎಂದೇ ಜನರ ನೆನಪಿನಲ್ಲಿ ಉಳಿದಿದ್ದಾರೆ. ತನ್ನ ಜನಿವಾರ ತೆಗೆದು ಶರೀಫನ ಕೊರಳಿಗೆ ಹಾಕಿದರಂತೆ. ಎರಡೂ ಕಡೆಯವರು ಸಿಟ್ಟಾದರಂತೆ. ಶರೀಫರಿಗೆ ಕುಂದಗೋಳದ ಫಾತಿಮಾಳ ಜತೆ ಮದುವೆಯಾಯಿತು, ಒಂದು ಹೆಣ್ಣು ಮಗು ಹುಟ್ಟಿತು, ಎರಡೂ ಜೀವ ಬೇಗ ಹೋದವು. ಆಮೇಲೆ ತಿರುಗಾಟವೇ ಮನೆ. 1889ರಲ್ಲಿ ಹುಟ್ಟಿದ ಊರಿನಲ್ಲೇ ತೀರಿಕೊಂಡಾಗ ಒಂದು ಕಡೆ ಕುರಾನ್ ಓದಿದರು, ಇನ್ನೊಂದು ಕಡೆ ಮಂತ್ರ ಹೇಳಿದರು. ಇಂದಿಗೂ ಗದ್ದುಗೆಗೆ ಎರಡೂ ಕಡೆಯವರು ನಡೆದುಕೊಳ್ಳುತ್ತಾರೆ.

ತಿರುಗಾಟ ಎಂದೆ. ಎಲ್ಲಿಗೆ? ಕಳಸ, ಹುಲಗೂರು, ಹುಬ್ಬಳ್ಳಿಯ ಸಿದ್ಧಾರೂಢರ ಬಳಿ, ನವಲಗುಂದದ ನಾಗಲಿಂಗಸ್ವಾಮಿಯ ಬಳಿ, ಗರಗದ ಮಡಿವಾಳಪ್ಪನ ಬಳಿ, ಜಾತ್ರೆಗಳಿಗೆ, ಉರುಸುಗಳಿಗೆ. ನಕ್ಷೆಯಲ್ಲಿ ನೋಡಿದರೆ ನಾಲ್ಕಾರು ದಿನ ನಡೆದು ಮುಟ್ಟುವಷ್ಟೇ ಜಾಗ. ಹೋದಲ್ಲಿ ಭಾಷೆ ಅದೇ, ರೊಟ್ಟಿ ಅದೇ, ಗುರುತಿನ ಮುಖಗಳೂ ಇವೆ. ಅಲೆಮಾರಿಯನ್ನು ಕಾಲು ಹಿಡಿದು ಕೂರಿಸಿಕೊಂಡು ಪದ ಹೇಳಿಸುವ ಕಟ್ಟೆ ಪ್ರತಿ ಊರಿನಲ್ಲೂ ಇತ್ತು. ದೂರ ಓಡುವುದು ಇಲ್ಲಿ ಉದ್ದೇಶವೇ ಅಲ್ಲ. ಊರನ್ನು ಬಿಟ್ಟು ಊರಿಗೇ ಬರುವ ಸುತ್ತು ಅದು. ಮೊಹರಂ ಬಂದರೆ ಶರೀಫರು ಕಟ್ಟಿದ ಕರ್ಬಲದ ಪದಗಳನ್ನು ಅಲಾವಿಯ ಸುತ್ತ ಹಿಂದೂ ಹುಡುಗರು ಹೆಜ್ಜೆ ಹಾಕಿ ಹಾಡುತ್ತಿದ್ದರು. ರಿವಾಯತ್ ಎನ್ನುವ ಆ ಪದಗಳ ಮೇಳಗಳು ಈಗಲೂ ಇವೆ.

ಮತ್ತೆ ಆ ನುಂಗುವ ಕೋಳಿಗೆ ಬರುತ್ತೇನೆ, ಯಾಕೆಂದರೆ ಅಲ್ಲೇ ನಿಜವಾದ ಸಾಮಗ್ರಿ ಇದೆ. ಇಂಥ ಮಾತಿಗೆ ಕನ್ನಡದಲ್ಲಿ ಎಂಟು ನೂರು ವರ್ಷಕ್ಕೂ ಹೆಚ್ಚಿನ ಪಳಗಿಕೆಯಿದೆ. ಅಲ್ಲಮನ ಬೆಡಗಿನ ವಚನಗಳಿವೆ, ದಾಸರ ಮುಂಡಿಗೆಗಳಿವೆ. ಅತ್ತ ಉತ್ತರದಲ್ಲಿ ಕಬೀರನ ಉಲಟಬಾಂಸಿ, ಬಂಗಾಳದ ಕಡೆ ಬೌದ್ಧ ಸಿದ್ಧರ ಚರ್ಯಾಪದಗಳು. ಚರ್ಯಾಪದಗಳ ಹಸ್ತಪ್ರತಿ 1907ರಲ್ಲಿ ಹರಪ್ರಸಾದ ಶಾಸ್ತ್ರಿಯವರಿಗೆ ನೇಪಾಳದಲ್ಲಿ ಸಿಕ್ಕಿತು. ಕನಕರ ಒಂದು ಮುಂಡಿಗೆಯಲ್ಲಿ ಇಡೀ ಮರವನ್ನು ನುಂಗುವ ಹಕ್ಕಿಯೊಂದು ಮನೆಯೊಳಕ್ಕೆ ಬಂದಿರುತ್ತದೆ, ಅದೇನೆಂದು ಕೂತು ಕೇಳುವವರೇ ಹೇಳಬೇಕು. ಗಮನಿಸಿ, ಅಲ್ಲಿಯೂ ಹಕ್ಕಿ ಬಂದದ್ದು ಕಾಡಿಗಲ್ಲ, ಮನೆಗೆ.

ಶರೀಫರ ಪದದಲ್ಲಿ ನುಂಗಿಸಿಕೊಳ್ಳುವವರು ಯಾರೆಂದು ಒಬ್ಬೊಬ್ಬರನ್ನಾಗಿ ನೋಡಬೇಕು. ಕುಟ್ಟುವವಳು, ನೇಯುವವನು, ಕುಣಿಯಲು ಬಂದವಳು. ಎಲ್ಲರೂ ದುಡಿಯುವವರು. ಒರಳಿನ ಮುಂದೆ ಕೂತವಳು ಒರಳು ತನ್ನ ಕೈಯಲ್ಲಿದೆ ಎಂದುಕೊಂಡಿರುತ್ತಾಳೆ. ನಿಜದಲ್ಲಿ ನಲವತ್ತು ವರ್ಷ ಕುಟ್ಟಿದ ಮೇಲೆ ಒರಳು ಹಾಗೇ ಇರುತ್ತದೆ, ಸವೆದವಳು ಅವಳು. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವನ ಬೆನ್ನು ಬಾಗುತ್ತದೆ, ಕಣ್ಣು ಮಂಜಾಗುತ್ತದೆ. ಬಟ್ಟೆ ಬೇರೆಯವರ ಮೈಗೆ ಹೋಗುತ್ತದೆ. ಸಾಧನ ಮನುಷ್ಯನನ್ನು ನುಂಗುವುದು ಕನಸಿನ ಚಿತ್ರವಲ್ಲ, ಹಗಲಿನ ಚಿತ್ರ. ಅನುಭಾವಿಗಳು ಇದಕ್ಕೆ ಜೀವ, ಮಾಯೆ, ಗುರುಕೃಪೆಯ ಅರ್ಥ ಹೇಳುತ್ತಾರೆ. ಅದು ಪದದ ಒಳಗಿನ ಅರ್ಥ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಒಳಗಿನ ಅರ್ಥ ಕೇಳುಗಳ ಎದೆಗಿಳಿಯುವುದು ಅವಳ ಅಂಗೈಯ ದಡ್ಡಿನ ಮೂಲಕ ಎಂದು ನನಗೆ ಬಲವಾಗಿ ಅನಿಸುತ್ತದೆ.

ಕೇಳುಗಳು ಎಂದು ಬೇಕೆಂದೇ ಬರೆದೆ. ಆ ಪದವನ್ನು ಶರೀಫರು ತಂಗಿಯೊಬ್ಬಳಿಗೆ ಹೇಳುತ್ತಾರೆ. ಅವರ ಇನ್ನೆಷ್ಟೋ ಪದಗಳು ಅವ್ವ, ತಂಗಿ, ಅಕ್ಕ ಎಂದು ಕೂಗಿ ಕರೆಯುತ್ತವೆ. ‘ಸೋರುತಿಹುದು ಮನೆಯ ಮಾಳಿಗಿ’ಯಲ್ಲಿ ಮಳೆಗಾಲದ ರಾತ್ರಿ ಮಣ್ಣಿನ ಮಾಳಿಗೆಯ ಮನೆಯಲ್ಲಿ ಯಾರಿಗೂ ಬೇಡವಾದ ಪರಿಸ್ಥಿತಿ ಇದೆ. ಮೇಲೆ ಹತ್ತಿ ದುರಸ್ತಿ ಮಾಡುವವರಿಲ್ಲ, ಕತ್ತಲೆ, ಒಳಗೆಲ್ಲ ನೀರು. ಹಾವೇರಿ ಕಡೆಯ ಹಳೆಯ ಮನೆಗಳಲ್ಲಿ ಮುಂಗಾರಿಗೆ ಮುಂಚೆ ಮಾಳಿಗೆಗೆ ಮಣ್ಣು ಹಾಕದಿದ್ದರೆ ಏನಾಗುತ್ತದೆಂದು ಬಲ್ಲವರಿಗೆ ಆ ಹಾಡನ್ನು ವಿವರಿಸಬೇಕಿಲ್ಲ. ಪಶ್ಚಿಮದ ರಸ್ತೆಯ ಹಾಡುಗಳಲ್ಲಿ ಹೆಂಗಸು ಹೆಚ್ಚಾಗಿ ಹಿಂದೆ ಬಿಟ್ಟುಬಂದವಳು. ಅವನು ಹೊರಡುತ್ತಾನೆ, ಅವಳು ಬಾಗಿಲಲ್ಲಿ ಉಳಿಯುತ್ತಾಳೆ, ಹಾಡು ಅವನ ಜತೆ ಹೋಗುತ್ತದೆ. ಶರೀಫರಲ್ಲಿ ಹಾಡು ಬಾಗಿಲಿಗೇ ಬಂದು ಕೂರುತ್ತದೆ. ತಿರುಗುವವನು ಉಳಿದವಳಿಗೆ ಹಾಡುತ್ತಾನೆ, ಅವಳ ಸಾಮಾನಿನಿಂದಲೇ ಹಾಡು ಕಟ್ಟುತ್ತಾನೆ. ಅವಳಿಗೆ ತಿರುಗುವ ಸ್ವಾತಂತ್ರ್ಯ ಇರಲಿಲ್ಲ ಎಂಬ ನೋವು ಅದರಿಂದ ಅಳಿಯುವುದಿಲ್ಲ. ಫಾತಿಮಾ ಬದುಕಿದ್ದರೆ ಶರೀಫರಂತೆ ಜೋಳಿಗೆ ಹಿಡಿದು ಹೊರಡಲು ಊರು ಬಿಡುತ್ತಿತ್ತೇ? ಬಿಡುತ್ತಿರಲಿಲ್ಲ. ಆದರೂ ಹಾಡು ಅವಳನ್ನು ಮರೆತು ಮುಂದೆ ಹೋಗಲಿಲ್ಲ ಎಂಬುದು ಸಣ್ಣ ಮಾತಲ್ಲ.

ಇನ್ನು ನಶೆಯ ಮಾತು. ಅದನ್ನು ಬಿಟ್ಟು ಈ ವಿಷಯ ಬರೆಯಲಾಗದು. ‘ಗುಡುಗುಡಿಯ ಸೇದಿ ನೋಡೊ’ ಶರೀಫರ ಪದ. ಗುಡುಗುಡಿ ಎಂದರೆ ಹುಕ್ಕಾ: ಕೆಳಗೆ ನೀರಿನ ಬುರುಡೆ, ನಡುವೆ ಕೊಳವೆ, ಮೇಲೆ ಚಿಲುಮೆ, ಅದರೊಳಗೆ ಕೆಂಡ. ಎಳೆದರೆ ಹೊಗೆ ನೀರಿನಲ್ಲಿ ಗುಡುಗುಡು ಎಂದು ತಣ್ಣಗಾಗಿ ಬರುತ್ತದೆ. ಆರೂಢ, ಅವಧೂತ ಪಂಥದ ಸಾಧುಗಳಲ್ಲಿ ಭಂಗಿ ಸೇದುವುದು ಇತ್ತು, ಉತ್ತರ ಕರ್ನಾಟಕದ ಕೆಲವು ಕಡೆ ಈಗಲೂ ಇದೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಅದನ್ನು ಪ್ರಸಾದವೆಂದೇ ಕಾಣುವ ಭಕ್ತರಿದ್ದಾರೆ. ಶರೀಫರ ಕಾಲದಲ್ಲಿ ಗಾಂಜಾ ಸರ್ಕಾರದ ಲೈಸೆನ್ಸ್ ಪಡೆದ ಅಂಗಡಿಯಲ್ಲಿ ಸಿಗುತ್ತಿದ್ದ ಸರಕು. ಅವರು ತೀರಿಕೊಂಡ ನಾಲ್ಕು ವರ್ಷಕ್ಕೆ, 1893ರಲ್ಲಿ, ಬ್ರಿಟಿಷ್ ಸರ್ಕಾರ ಇದನ್ನು ವಿಚಾರಿಸಲು ಒಂದು ಆಯೋಗವನ್ನೇ ನೇಮಿಸಿತು. ಮಿತವಾದ ಬಳಕೆಯಿಂದ ದೊಡ್ಡ ಕೇಡಿಲ್ಲ, ಅತಿಯಾದರೆ ಹಾನಿ ಎಂದು ಆಯೋಗ ಮರುವರ್ಷ ವರದಿ ಕೊಟ್ಟಿತು. 1985ರ ಮಾದಕವಸ್ತು ಕಾಯ್ದೆ ಬಂದ ಮೇಲೆ ಗಾಂಜಾ ಇಟ್ಟುಕೊಳ್ಳುವುದು, ಮಾರುವುದು, ಸೇದುವುದು ಅಪರಾಧ.

ಹಾಗಾದರೆ ಶರೀಫರ ಪದ ಸೇದಲು ಕರೆಯುತ್ತದೆಯೇ? ಪದವನ್ನು ಪೂರ್ತಿ ಕೇಳಿದವರಿಗೆ ಉತ್ತರ ಗೊತ್ತು. ಅಲ್ಲಿ ಮನಸ್ಸೇ ಸಂಚಿ. ಆ ಸಂಚಿ ಬಿಚ್ಚಿ ಹೊರತೆಗೆದು ಸಣ್ಣಗೆ ಕೊಚ್ಚುವ ಸೊಪ್ಪು ಮೋಹ. ಅದಕ್ಕೆ ತಗುಲಿಸುವ ಬೆಂಕಿ ಬುದ್ಧಿ. ಅಂದರೆ ಭಂಗಿ ಇಲ್ಲಿ ನಶೆ ಕೊಡುವ ವಸ್ತುವೇ ಅಲ್ಲ, ಸುಟ್ಟು ಬೂದಿಯಾಗಬೇಕಾದ ವಸ್ತು. ಕೂತು ಸೇದುವವರ ನಡುವೆ ಕೂತು, ಅವರ ಕೈಯ ಸಾಮಾನನ್ನೇ ಎತ್ತಿಕೊಂಡು, ಅದರ ಒಂದೊಂದು ಭಾಗಕ್ಕೂ ಬೇರೆ ಕೆಲಸ ಕೊಡುತ್ತಾರೆ. ಬೈಯುವುದಿಲ್ಲ, ಎದ್ದು ಹೋಗುವುದಿಲ್ಲ. ಈ ಕರುಣೆಯ ಜಾಣತನ ನನಗೆ ಶರೀಫರಲ್ಲಿ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗುವ ಗುಣ. ನಶೆಯ ಹಾಡೆಂದು ಅದನ್ನು ಟೀ ಶರ್ಟಿಗೆ ಹಾಕುವವರೂ, ಅಂಥ ಹಾಡೇಕೆ ಎಂದು ಮೂಗು ಮುರಿಯುವವರೂ ಮೊದಲ ಸಾಲಿನಲ್ಲೇ ನಿಂತುಬಿಟ್ಟಿದ್ದಾರೆ.

ಮೈಮರೆವು ಬೇಕೆಂದವರಿಗೆ ಈ ಸೀಮೆಯಲ್ಲಿ ಬೇರೆ ದಾರಿಯೂ ಇತ್ತು. ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ದಸರೆಯ ಹೊತ್ತಿಗೆ ಹೋಗಬೇಕು. ಮಾಲತೇಶನ ಗುಡ್ಡ ಭಂಡಾರದಿಂದ ಹಳದಿಯಾಗಿರುತ್ತದೆ. ಕಪ್ಪು ಕಂಬಳಿಯ ಗೊರವರು ಡಮರುಗ ಬಾರಿಸುತ್ತ, ಕೊಳಲು ಊದುತ್ತ, ದೋಣಿಯ ಮುಂದೆ ಕುಣಿಯುತ್ತಾರೆ. ಡೊಳ್ಳಿನ ಪೆಟ್ಟು ನೆಲದಿಂದ ಕಾಲಿಗೆ, ಕಾಲಿನಿಂದ ಎದೆಗೆ ಏರುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನು ಏರಿ ‘ಸದ್ದಲೇ’ ಎಂದು ಕೂಗಿದರೆ ಅಷ್ಟೂ ಜನ ಮೌನವಾಗುತ್ತಾರೆ. ಒಂದೇ ಒಂದು ಒಗಟಿನಂಥ ವಾಕ್ಯ ನುಡಿದು ಅವನು ಕೆಳಗೆ ಬೀಳುತ್ತಾನೆ, ಜನ ಹಿಡಿದುಕೊಳ್ಳುತ್ತಾರೆ. ಅದೇ ಕಾರಣಿಕ. ಆ ವಾಕ್ಯವನ್ನು ರೈತ ಮಳೆಗೆ ಹೊಂದಿಸುತ್ತಾನೆ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ದರಕ್ಕೆ ಹೊಂದಿಸುತ್ತಾನೆ, ರಾಜಕಾರಣಿ ಕುರ್ಚಿಗೆ ಹೊಂದಿಸುತ್ತಾನೆ. ಭವಿಷ್ಯ ನಿಜವಾಗುತ್ತದೆಯೇ ಎಂಬುದು ನನ್ನ ಆಸಕ್ತಿಯಲ್ಲ. ಹಸಿವು, ತಾಳ, ಎತ್ತರ, ಸಾವಿರಾರು ಜನರ ಉಸಿರು ಸೇರಿ ಒಬ್ಬನ ಬಾಯಿಂದ ತಲೆಕೆಳಗಾದ ಮಾತು ಹೊರಡಿಸುತ್ತವೆ, ಅದರ ಅರ್ಥವನ್ನು ಮಾತ್ರ ಕೆಳಗೆ ನಿಂತವರು ಕಟ್ಟಿಕೊಳ್ಳಬೇಕು. ಮುಂಡಿಗೆಯ ಕಟ್ಟಳೆ ಇದೇ ಅಲ್ಲವೇ?

ಪಶ್ಚಿಮಕ್ಕೆ ನಮ್ಮವರ ಸುಳಿವು ಸಿಗದೆ ಇರಲಿಲ್ಲ. ಬಾಬ್ ಡಿಲನ್ನನ 1967ರ ‘ಜಾನ್ ವೆಸ್ಲಿ ಹಾರ್ಡಿಂಗ್’ ಆಲ್ಬಂನ ಹೊದಿಕೆಯ ಚಿತ್ರದಲ್ಲಿ ಅವನ ಜತೆ ನಿಂತವರಲ್ಲಿ ಇಬ್ಬರು ಬಂಗಾಳದ ಬಾವುಲರು, ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್. ಬಾವುಲರೂ ದೇಹವನ್ನೇ ಹಾಡುವವರು, ಏಕತಾರಿ ಹಿಡಿದವರು, ಶರೀಫರಂಥ ನಮ್ಮ ತತ್ವಪದಕಾರರ ದಾಯಾದಿಗಳು. ತತ್ವಪದಕ್ಕೆ ಮಾತ್ರ ಅಂಥ ಹಡಗು ಸಿಗಲಿಲ್ಲ. ಅದು ಕ್ಯಾಸೆಟ್ಟಿಗಾಗಿ ಕಾಯಬೇಕಾಯಿತು. ಸಿ. ಅಶ್ವತ್ಥ್ ಆ ಪದಗಳಿಗೆ ಸ್ವರ ಕೂರಿಸಿ, ಶಿವಮೊಗ್ಗ ಸುಬ್ಬಣ್ಣನವರಂಥ ಗಾಯಕರ ಕಂಠವೂ ಸೇರಿ, ಶರೀಫಜ್ಜ ಹಳೆ ಮೈಸೂರಿನ ಮನೆಮನೆಗೂ ಹೋದ. 1990ರಲ್ಲಿ ಟಿ.ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ನಟಿಸಿದ ಆ ಚಿತ್ರ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಕೊಡುವ ನರ್ಗೀಸ್ ದತ್ ಪ್ರಶಸ್ತಿ ಪಡೆಯಿತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಗುಡುಗುಡಿಯನ್ನೂ ಸೋರುವ ಮಾಳಿಗೆಯನ್ನೂ ಗಿಟಾರ್, ವಯಲಿನ್, ಡ್ರಮ್ಮಿಗೆ ಹೊಂದಿಸಿದರು. ಲುಂಗಿ, ಗೆಜ್ಜೆ ಕಟ್ಟಿಕೊಂಡು ಇಂಗ್ಲೆಂಡಿನ ವೇದಿಕೆಗಳಲ್ಲಿ ಕುಣಿದು ಹಾಡಿದರು. ಕನ್ನಡ ಬಾರದ ಜನ ಅದಕ್ಕೆ ಕುಣಿದರು.

ಹೀಗೆ ಹಾಡಿ ಪದವನ್ನು ಕೆಡಿಸಿದರು ಎನ್ನುವವರ ಜತೆ ನಾನಿಲ್ಲ. ಶರೀಫರೇ ಹೊಸದಕ್ಕೆ ಹೆದರಿದವರಲ್ಲ. ನೂಲಿನ ಗಿರಣಿ ಬಂದಾಗ ಅದರ ಮೇಲೂ ಒಂದು ಪದ ಕಟ್ಟಿದರು, ಚಕ್ರ ಪಟ್ಟಿಗಳ ಆ ದೈತ್ಯನನ್ನೂ ದೇಹದ ಮಾತಿಗೆ ತಂದರು. ಕೈಮಗ್ಗದವನನ್ನು ಗಿರಣಿ ನುಂಗುವ ಕಾಲ ಅವರ ಕಣ್ಣೆದುರಿಗೇ ಶುರುವಾಗಿತ್ತು. ಗಿಟಾರ್ ಅವರಿಗೆ ಹೆಚ್ಚೇನೂ ಆಗುತ್ತಿರಲಿಲ್ಲ. ಕಾಡುವ ನಷ್ಟ ಬೇರೆಯದು. ವೇದಿಕೆಯಲ್ಲಿ ಪದ ಐದು ನಿಮಿಷಕ್ಕೆ ಮುಗಿಯುತ್ತದೆ, ಚಪ್ಪಾಳೆ ಬೀಳುತ್ತದೆ, ಮುಂದಿನ ಹಾಡು. ಭಜನೆಯ ಮನೆಯಲ್ಲಿ ಹಾಗಲ್ಲ. ಏಕತಾರಿ, ದಮ್ಮಡಿ, ತಾಳದ ಜತೆ ಪದ ನಿಂತ ಮೇಲೆ ಹಿರಿಯರೊಬ್ಬರು ತಡೆದು ಕೇಳುತ್ತಾರೆ: ನೊಣ ಅಂದ್ರ ಏನಪಾ? ಒಬ್ಬ ಒಂದು ಹೇಳುತ್ತಾನೆ, ಇನ್ನೊಬ್ಬ ಒಪ್ಪುವುದಿಲ್ಲ, ಮೂರನೆಯವನು ಉತ್ತರವಾಗಿ ಇನ್ನೊಂದು ಪದವನ್ನೇ ಎತ್ತಿಕೊಳ್ಳುತ್ತಾನೆ. ಆ ಜಗ್ಗಾಟವೂ ಪದದ ಭಾಗ. ರೆಕಾರ್ಡಿಂಗಿನಲ್ಲಿ ಕತ್ತರಿಸಿ ಹೋಗುವುದು ಅದೇ.

ಪದಗಳ ಪಠ್ಯವನ್ನು ಉಳಿಸುವ ಕೆಲಸ ಆಗಿದೆ. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರ ಸಮಗ್ರ ತತ್ವಪದಗಳ ಸಂಪುಟಗಳನ್ನು ತಂದಿತು. ಅದಕ್ಕೂ ಮುಂಚೆ ರಹಮತ್ ತರೀಕೆರೆ ‘ಕರ್ನಾಟಕದ ಸೂಫಿಗಳು’, ‘ಕರ್ನಾಟಕದ ನಾಥಪಂಥ’ ಪುಸ್ತಕಗಳಿಗಾಗಿ ಊರೂರು ತಿರುಗಿ ಈ ಲೋಕವನ್ನು ನಮ್ಮ ಮುಂದಿಟ್ಟರು. ಆದರೆ ಅರ್ಥ ಹೇಳುವವರ ಮಾತು ಪುಸ್ತಕಕ್ಕೆ ಇನ್ನೂ ಸಾಕಷ್ಟು ಬಂದಿಲ್ಲ. ಶಿಶುನಾಳ ಇರುವ ಅದೇ ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಹುಟ್ಟಿದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಮೊಬೈಲ್ ಹಿಡಿದು ಅಮವಾಸ್ಯೆಯ ಭಜನೆಗಳಿಗೆ, ಮೊಹರಂ ಅಲಾವಿಗೆ, ದೇವರಗುಡ್ಡದ ಗೊರವರ ಬಿಡಾರಕ್ಕೆ, ಕಾಗಿನೆಲೆಯ ಕಟ್ಟೆಗೆ ಹೋಗಬೇಕು. ಪದ ಮುಗಿದಾಗ ರೆಕಾರ್ಡರ್ ನಿಲ್ಲಿಸಬಾರದು. ಮುಖ್ಯವಾಗಿ, ಅಡುಗೆಮನೆಯ ಬಾಗಿಲಲ್ಲಿ ಕೂತು ಇಷ್ಟೂ ವರ್ಷ ಆ ಪದಗಳನ್ನು ಕೇಳಿದ ಮುದುಕಿಯರನ್ನು ಕೇಳಬೇಕು. ಒರಳು ಒನಕೆಯನ್ನು ನುಂಗುವುದೆಂದರೆ ಏನೆಂದು ಅವರು ಹೇಳುವ ಅರ್ಥ ನಮ್ಮ ಯಾವ ಸಂಪುಟದಲ್ಲೂ ದಾಖಲಾಗಬೇಕಾದಷ್ಟು ದಾಖಲಾಗಿಲ್ಲ.